ಮಂಗಳೂರಿನ ನೀರನ್ನು ಅಳೆಯುವವರು ಯಾರು? ಅಳೆದ ಮೇಲೆ ಏನಾಗುತ್ತದೆ?

ಬೇಸಿಗೆಯ ಒಂದು ಸಂಜೆ ಮಂಗಳೂರಿನ ಗೆಳತಿ ಫೋನ್ ಮಾಡಿದ್ದಳು. "ಹೊಳೆ ಬದಿಯಲ್ಲಿ ನಿಂತಿದ್ದೇನೆ. ನೀರು ಕಪ್ಪಾಗಿದೆ, ವಾಸನೆಗೆ ನಿಲ್ಲಲಿಕ್ಕೆ ಆಗುದಿಲ್ಲ. ಇದನ್ನು ಯಾರಿಗೆ ಹೇಳುದು ಮಾರಾಯ್ತಿ?" ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಪಾಲಿಕೆಗಾ? ಮಾಲಿನ್ಯ ನಿಯಂತ್ರಣ ಮಂಡಳಿಗಾ? ಡಿಸಿಗಾ? ಪತ್ರಿಕೆಯವರಿಗಾ? ಅವತ್ತು "ಫೋಟೋ ತೆಗೆದಿಟ್ಟುಕೋ" ಅಂದು ಸುಮ್ಮನಾದೆ. ಆಮೇಲೆ ಹುಡುಕಿ, ಓದಿ, ಕೇಳಿ ತಿಳಿದುಕೊಂಡಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲೇ ಒಂದು ಮಾತು. ಮಂಗಳೂರಿನ ನೀರನ್ನು ಯಾರೂ ಅಳೆಯೋದಿಲ್ಲ ಅಂತ ನಾವು ಅಂದುಕೊಂಡಿದ್ದರೆ ಅದು ತಪ್ಪು. ಅಳೀತಾರೆ, ಅಂಕಿ ಇದೆ, ವರದಿ ಇದೆ, ಕಾನೂನೂ ಇದೆ. ಅಳತೆ ಎಲ್ಲಿ, ಯಾವಾಗ, ಯಾರ ಕೈಯಲ್ಲಿ ನಡೀತಿದೆ ಮತ್ತು ಆ ಅಂಕಿ ಬಂದ ಮೇಲೆ ಯಾರ ಮೇಲೆ ಕ್ರಮ ಆಗುತ್ತೆ ಅನ್ನೋ ಜಾಗದಲ್ಲಿ ಕೊಂಡಿ ಕಳಚಿದೆ. ಆ ಕೊಂಡಿಯನ್ನು ಕೂಡಿಸೋ ಕೆಲಸ ಬರೀ ತಾಂತ್ರಿಕ ಕೆಲಸ ಅಂತ ನನಗೆ ಅನ್ನಿಸೋದಿಲ್ಲ, ಅದು ರಾಜಕೀಯ ಕೆಲಸ.

ಹಳ್ಳಿಮೈಸೂರಿನವಳಿಗೆ ಕಡಲೂರಿನ ಉಸಾಬರಿ ಯಾಕೆ?

ನಮ್ಮೂರು ಹೊಳೆನರಸೀಪುರ ತಾಲ್ಲೂಕಿನದು, ನಮ್ಮ ಹೊಳೆ ಹೇಮಾವತಿ. ಅದು ಪೂರ್ವಕ್ಕೆ ಹರಿದು ಕೆಆರ್‌ಎಸ್ ಹಿನ್ನೀರಿನಲ್ಲಿ ಕಾವೇರಿ ಸೇರುತ್ತೆ. ಆದರೆ ನಮ್ಮದೇ ಹಾಸನ ಜಿಲ್ಲೆಯ ಸಕಲೇಶಪುರದ ಗುಡ್ಡಗಳ ಆಚೆ ಇಳಿಜಾರಿನಲ್ಲಿ ಬಿದ್ದ ಮಳೆ ಎತ್ತಿನಹೊಳೆ, ಕೆಂಪುಹೊಳೆ ಹಿಡಿದು ಗುಂಡ್ಯ ಹೊಳೆಯಾಗಿ, ಕುಮಾರಧಾರೆಗೆ ಕೂಡಿ, ಉಪ್ಪಿನಂಗಡಿಯಲ್ಲಿ ನೇತ್ರಾವತಿ ಸೇರಿ ಮಂಗಳೂರು ಮುಟ್ಟುತ್ತೆ. ಅಲ್ಲಿನ ಜನ ಕುಡಿಯೋ ನೀರಿನಲ್ಲಿ ನಮ್ಮ ಜಿಲ್ಲೆಯ ಮಳೆಯೂ ಇದೆ. ಎತ್ತಿನಹೊಳೆ ಯೋಜನೆಯಲ್ಲಿ 24.01 ಟಿಎಂಸಿ ನೀರನ್ನು ಪೂರ್ವಕ್ಕೆ ತಿರುಗಿಸುವ ಬಗ್ಗೆ ಕರಾವಳಿಯವರು ತಕರಾರು ತೆಗೆದಾಗ ಘಟ್ಟದ ಮೇಲಿನ ನಾವು ಅದನ್ನು ಅವರ ಗಲಾಟೆ ಅಂತ ಬಿಟ್ಟಿದ್ದೆವು.

ಇನ್ನೊಂದು ನಂಟೂ ಇದೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2018ರಲ್ಲಿ ದೇಶದ 351 ಕಲುಷಿತ ನದಿ ಪಾತ್ರಗಳನ್ನು ಗುರುತಿಸಿತು. ಕರ್ನಾಟಕದ ಪಾಲು 17. ಆ ಪಟ್ಟಿಯ ಕೊನೆಯ ಅಂದರೆ ಐದನೇ ದರ್ಜೆಯಲ್ಲಿ ನೇತ್ರಾವತಿ, ಕುಮಾರಧಾರಾ ಇವೆ. ಅವುಗಳ ಜೊತೆಗೇ ಹಾಸನ ಜಿಲ್ಲೆಯ ಯಗಚಿಯೂ ಇದೆ. ಯಗಚಿ ಗೊರೂರಿನ ಹತ್ತಿರ ಹೇಮಾವತಿ ಸೇರುವ ಹೊಳೆ. ಅಲ್ಲಿಂದ ಕೆಳಗೆ ಇರೋದು ನಾವು.

ಎರಡು ನದಿ, ಒಂದು ಅಳಿವೆ

ಮಂಗಳೂರನ್ನು ಅರ್ಥ ಮಾಡಿಕೊಳ್ಳಬೇಕಾದರೆ ಎರಡು ನದಿಗಳನ್ನು ನೋಡಬೇಕು. ದಕ್ಷಿಣದಿಂದ ನೇತ್ರಾವತಿ ಬರುತ್ತೆ. ಉತ್ತರದಿಂದ ಫಲ್ಗುಣಿ ಬರುತ್ತೆ, ಅದಕ್ಕೆ ಗುರುಪುರ ನದಿ ಅಂತಲೂ ಹೆಸರಿದೆ. ಎರಡೂ ಹಳೇ ಬಂದರಿನ ಹತ್ತಿರ ಬೆಂಗರೆಯ ಬಳಿ ಕೂಡಿ ಒಂದೇ ಅಳಿವೆಯಿಂದ ಕಡಲು ಸೇರುತ್ತವೆ.

ನೇತ್ರಾವತಿಗೆ ತುಂಬೆಯಲ್ಲಿ ಕಿಂಡಿ ಅಣೆಕಟ್ಟು ಕಟ್ಟಿದ್ದಾರೆ. ನಗರದ ಕುಡಿಯುವ ನೀರು ಅಲ್ಲಿಂದ ಬರುತ್ತೆ. ಫಲ್ಗುಣಿಗೆ ಮಳವೂರಿನಲ್ಲಿ ಇನ್ನೊಂದು ಕಿಂಡಿ ಅಣೆಕಟ್ಟಿದೆ, ಸುತ್ತಲಿನ ಗ್ರಾಮಗಳ ಕುಡಿಯುವ ನೀರಿನ ಯೋಜನೆ ಅದನ್ನು ನಂಬಿಕೊಂಡಿದೆ. ಫಲ್ಗುಣಿಯ ಕೆಳಭಾಗ ನಗರದ ಕೈಗಾರಿಕಾ ವಲಯಕ್ಕೆ ಅಂಟಿಕೊಂಡಿದೆ. ಬೈಕಂಪಾಡಿ ಕೈಗಾರಿಕಾ ಪ್ರದೇಶ, ಪಣಂಬೂರಿನ ನವಮಂಗಳೂರು ಬಂದರು, ಮಂಗಳೂರು ಕೆಮಿಕಲ್ಸ್ ಅಂಡ್ ಫರ್ಟಿಲೈಸರ್ಸ್, ಕುತ್ತೆತ್ತೂರಿನ ಎಂಆರ್‌ಪಿಎಲ್ ತೈಲ ಶುದ್ಧೀಕರಣ ಘಟಕ, ವಿಶೇಷ ಆರ್ಥಿಕ ವಲಯ, ಎಲ್ಲ ನಗರದ ಆ ಉತ್ತರದ ತುದಿಯಲ್ಲಿವೆ. ತೋಕೂರು ಹಳ್ಳ, ಕುಡುಂಬೂರು ಹೊಳೆ ಆ ಭಾಗದ ನೀರನ್ನು ಫಲ್ಗುಣಿಗೆ ತರುತ್ತವೆ.

ಬೇಸಿಗೆಯಲ್ಲಿ ಕಿಂಡಿಗಳನ್ನು ಮುಚ್ಚಿದ ಮೇಲೆ ಅಣೆಕಟ್ಟಿನ ಕೆಳಗೆ ಮೇಲಿನಿಂದ ಬರುವ ಸಿಹಿನೀರು ಹೆಚ್ಚುಕಡಿಮೆ ನಿಂತುಹೋಗುತ್ತೆ. ದಿನಕ್ಕೆ ಎರಡು ಸಲ ಉಬ್ಬರದಲ್ಲಿ ಉಪ್ಪುನೀರು ಒಳಗೆ ಬರುತ್ತೆ, ಇಳಿತದಲ್ಲಿ ಹೊರಗೆ ಹೋಗುತ್ತೆ. ಅಂದರೆ ಬಿಟ್ಟ ಕೊಳೆ ನೇರವಾಗಿ ಕಡಲಿಗೆ ಹೋಗಿಬಿಡೋದಿಲ್ಲ, ಹಿಂದೆ ಮುಂದೆ ತೂಗಾಡುತ್ತಾ ಇರುತ್ತೆ. ಮಳೆಗಾಲದಲ್ಲಿ ಕಾಣದ ಕಪ್ಪು ಬಣ್ಣ ಏಪ್ರಿಲ್, ಮೇ ತಿಂಗಳಲ್ಲಿ ಕಾಣೋದಕ್ಕೆ ಇದೊಂದು ಮುಖ್ಯ ಕಾರಣ.

ಕೊಳೆಯ ಮೂರು ದಾರಿ

ಮೊದಲನೆಯದು ನಮ್ಮನಿಮ್ಮ ಮನೆಯದು. ಕಾವೂರು, ಬಜಾಲ್, ಸುರತ್ಕಲ್, ಪಚ್ಚನಾಡಿಗಳಲ್ಲಿ ಕೊಳಚೆ ನೀರು ಶುದ್ಧೀಕರಣ ಘಟಕಗಳಿವೆ. ಮಂಗಳೂರು ಗುಡ್ಡ ತಗ್ಗುಗಳ ಊರು. ತಗ್ಗಿನ ಬಡಾವಣೆಯ ಕೊಳಚೆಯನ್ನು ವೆಟ್‌ವೆಲ್‌ಗಳಲ್ಲಿ ತುಂಬಿಸಿ ಪಂಪ್ ಮಾಡಿ ಘಟಕಕ್ಕೆ ಕಳಿಸಬೇಕು. ಕರೆಂಟ್ ಹೋದರೆ, ಪಂಪ್ ಕೆಟ್ಟರೆ, ಕೊಳವೆ ಒಡೆದರೆ ಅದು ಹತ್ತಿರದ ತೋಡಿಗೆ ಹರಿಯುತ್ತೆ. ಯುಜಿಡಿ ಸಂಪರ್ಕವೇ ಇಲ್ಲದ ಮನೆಗಳ ಗುಂಡಿಗಳದ್ದು ಇನ್ನೊಂದು ಕಥೆ. ಇಲ್ಲಿನ ನೆಲ ಕೆಂಪುಕಲ್ಲಿನದು, ತೂತುತೂತು. ಗುಂಡಿಯ ನೀರು ಪಕ್ಕದ ಮನೆಯ ಬಾವಿಗೆ ಇಳಿಯಲು ಹೆಚ್ಚು ದಿನ ಬೇಕಾಗೋದಿಲ್ಲ. ಮನೆಗೊಂದು ಬಾವಿ ಇರುವ ಊರಿನಲ್ಲಿ ಇದು ಸಣ್ಣ ವಿಷಯ ಅಲ್ಲ.

ಎರಡನೆಯದು ಕಸದ್ದು. 2019ರ ಆಗಸ್ಟ್‌ನಲ್ಲಿ ಪಚ್ಚನಾಡಿಯ ಕಸದ ರಾಶಿ ಮಳೆಗೆ ಕುಸಿದು ಕೆಳಗಿನ ಮಂದಾರದ ಮನೆ, ತೋಟಗಳ ಮೇಲೆ ಹರಿಯಿತು. ಇಪ್ಪತ್ತಕ್ಕೂ ಹೆಚ್ಚು ಕುಟುಂಬಗಳು ಮನೆ ಬಿಟ್ಟು ಹೊರಟವು. ವಿಷಯ ಹೈಕೋರ್ಟ್‌ವರೆಗೂ ಹೋಯಿತು. ಕಣ್ಣಿಗೆ ಕಂಡಿದ್ದು ಕಸ. ಕಣ್ಣಿಗೆ ಕಾಣದ್ದು ಅದರಿಂದ ಸೋರುವ ಕಪ್ಪು ರಸ. ಅದು ಹಳ್ಳ ಹಿಡಿದು ಫಲ್ಗುಣಿ ಸೇರುತ್ತೆ ಅನ್ನೋದು ಆ ಭಾಗದ ಜನರ ಹಳೇ ದೂರು.

ಮೂರನೆಯದು ಕೈಗಾರಿಕೆಯದು. ದೊಡ್ಡ ಕಾರ್ಖಾನೆಗಳಿಗೆ ಸ್ವಂತ ಶುದ್ಧೀಕರಣ ಘಟಕ ಇರಲೇಬೇಕು. ಸಣ್ಣ ಘಟಕಗಳಿಗೆ ಅದು ಹೊರೆ, ಅದಕ್ಕೇ ಕೈಗಾರಿಕಾ ಪ್ರದೇಶಕ್ಕೆ ಸಾಮೂಹಿಕ ಶುದ್ಧೀಕರಣ ಘಟಕ ಬೇಕು ಅನ್ನೋ ಬೇಡಿಕೆ ಬಂದಿರೋದು. ಉಳ್ಳಾಲದ ಕೋಟೆಪುರ ಕಡೆ ಫಿಶ್‌ಮೀಲ್ ಮತ್ತು ಮೀನೆಣ್ಣೆ ಘಟಕಗಳಿವೆ. ಇದರ ಮೇಲೆ ಹಡಗಿನ ಅಪಾಯ ಬೇರೆ. 2022ರ ಜೂನ್‌ನಲ್ಲಿ ಪ್ರಿನ್ಸೆಸ್ ಮಿರಾಲ್ ಅನ್ನೋ ಸರಕು ಹಡಗು ಉಳ್ಳಾಲದ ಬಟ್ಟಪ್ಪಾಡಿ ಹತ್ತಿರದ ಕಡಲಲ್ಲಿ ಮುಳುಗಿತು. ಕರಾವಳಿ ಕಾವಲು ಪಡೆ 15 ಸಿಬ್ಬಂದಿಯನ್ನು ಉಳಿಸಿತು. ಅದರ ಹೊಟ್ಟೆಯಲ್ಲಿದ್ದ ಎಣ್ಣೆಯ ಭಯ ಮಾತ್ರ ದಡದಲ್ಲಿ ಬಹಳ ದಿನ ಉಳಿಯಿತು.

ಅಂಕಿಗಳನ್ನು ಓದೋದು ಹೇಗೆ?

ವರದಿ ಕೈಗೆ ಸಿಕ್ಕರೆ ಗಾಬರಿಯಾಗಬೇಡಿ. ಮೊದಲು ನಾಲ್ಕು ಅಂಕಿ ನೋಡಿದರೆ ಸಾಕು.

ಕರಗಿದ ಆಮ್ಲಜನಕ: ನೀರಿನೊಳಗೆ ಮೀನು ಉಸಿರಾಡೋದು ಇದನ್ನೇ. ಲೀಟರಿಗೆ 4 ಮಿಲಿಗ್ರಾಂಗಿಂತ ಕೆಳಗಿಳಿದರೆ ಅದು ಮೀನುಗಾರಿಕೆಗೆ ಯೋಗ್ಯ ಅನ್ನೋ ದರ್ಜೆಯಿಂದ ಹೊರಗೆ.

ಬಿಒಡಿ: ನೀರಿನಲ್ಲಿರುವ ಕೊಳೆಯನ್ನು ತಿಂದು ಮುಗಿಸಲು ಬ್ಯಾಕ್ಟೀರಿಯಾಗಳಿಗೆ ಎಷ್ಟು ಆಮ್ಲಜನಕ ಬೇಕು ಅನ್ನೋ ಲೆಕ್ಕ. ನಮ್ಮಲ್ಲಿ ಇದನ್ನು 27 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮೂರು ದಿನ ಇಟ್ಟು ಅಳೀತಾರೆ. ಸ್ನಾನಕ್ಕೆ ಯೋಗ್ಯ ಅನ್ನಿಸಿಕೊಳ್ಳಬೇಕಾದರೆ 3 ಮಿಲಿಗ್ರಾಂ ಮೀರಬಾರದು. ಕಲುಷಿತ ನದಿಗಳ ದರ್ಜೆ ನಿಂತಿರೋದು ಈ ಒಂದೇ ಅಂಕಿಯ ಮೇಲೆ: 3ರಿಂದ 6 ಇದ್ದರೆ ಐದನೇ ದರ್ಜೆ, 30 ಮೀರಿದರೆ ಒಂದನೇ ದರ್ಜೆ.

ಸಿಒಡಿ: ಬ್ಯಾಕ್ಟೀರಿಯಾ ತಿನ್ನಲಾಗದ ರಾಸಾಯನಿಕಗಳನ್ನೂ ಸೇರಿಸಿದ ಲೆಕ್ಕ. ಬಿಒಡಿ ಕಡಿಮೆ ಇದ್ದು ಸಿಒಡಿ ಬಹಳ ಹೆಚ್ಚಿದ್ದರೆ ಕೈಗಾರಿಕೆಯ ಕಡೆ ತಿರುಗಿ ನೋಡಬೇಕು.

ಕೋಲಿಫಾರ್ಮ್: ಮಲದ ಜೊತೆ ಬರುವ ಬ್ಯಾಕ್ಟೀರಿಯಾ ಗುಂಪು. ಸ್ನಾನದ ನದಿನೀರಿನಲ್ಲಿ 100 ಮಿಲಿಲೀಟರಿಗೆ ಒಟ್ಟು ಕೋಲಿಫಾರ್ಮ್ 500 ಮೀರಬಾರದು. ಕಡಲಲ್ಲಿ ಸ್ನಾನ, ಈಜಿಗೆ ಮಲಜನ್ಯ ಕೋಲಿಫಾರ್ಮ್ ಮಿತಿ 100.

ಈಗ ಈ ಅಂಕಿಗಳ ಮಿತಿ ಏನು ನೋಡೋಣ. ಬಿಒಡಿ ಪರೀಕ್ಷೆಯಲ್ಲಿ ಕೆಲಸ ಮಾಡೋದು ಬ್ಯಾಕ್ಟೀರಿಯಾ. ನೀರಿನಲ್ಲಿ ವಿಷ ಇದ್ದರೆ ಬ್ಯಾಕ್ಟೀರಿಯಾಗಳೇ ಸಾಯುತ್ತವೆ, ಆಮ್ಲಜನಕ ಖರ್ಚಾಗೋದಿಲ್ಲ, ಅಂಕಿ ಕಡಿಮೆ ಬರುತ್ತೆ. ವಿಷ ಹೆಚ್ಚಿದ್ದಷ್ಟೂ ನೀರು ಕಾಗದದ ಮೇಲೆ ಶುದ್ಧವಾಗಿ ಕಾಣಬಹುದು! ಅಳಿವೆಯ ಉಪ್ಪಿನಲ್ಲಿರುವ ಕ್ಲೋರೈಡ್ ಸಿಒಡಿ ಪರೀಕ್ಷೆಯ ದಾರಿಯನ್ನೂ ತಪ್ಪಿಸುತ್ತೆ. ಎಣ್ಣೆ, ಭಾರಲೋಹಗಳನ್ನು ಬೇರೆಯಾಗಿಯೇ ಹುಡುಕಬೇಕು, ಹುಡುಕದಿದ್ದರೆ ಅವು ಸಿಗೋದಿಲ್ಲ.

ಸಮಯದ ಪ್ರಶ್ನೆಯೂ ಇದೆ. ತಿಂಗಳಿಗೊಂದು ಸಲ ನೀರು ತೆಗೆದರೆ ವರ್ಷಕ್ಕೆ 12 ಬಾಟಲಿ. ವರ್ಷದಲ್ಲಿ ಇರೋದು 8,760 ಗಂಟೆ. ಹಗಲು ಹನ್ನೊಂದು ಗಂಟೆಗೆ ಉಬ್ಬರದ ಹೊತ್ತಲ್ಲಿ ಕೂಳೂರು ಸೇತುವೆ ಕೆಳಗೆ ತುಂಬಿದ ಬಾಟಲಿಯಲ್ಲಿ ಕಡಲ ನೀರಿನ ಪಾಲೇ ಹೆಚ್ಚಿರುತ್ತೆ. ರಾತ್ರಿ ಎರಡು ಗಂಟೆಗೆ ಇಳಿತದಲ್ಲಿ ಹಳ್ಳಕ್ಕೆ ಬಿಟ್ಟಿದ್ದು ಆ ಬಾಟಲಿಗೆ ಬರೋದಿಲ್ಲ.

ಒಂದು ಪಟ್ಟಿಯಲ್ಲಿ ಇದೆ, ಇನ್ನೊಂದರಲ್ಲಿ ಇಲ್ಲ

ಅಳತೆಯ ಆಯ್ಕೆಯಿಂದ ಎಷ್ಟು ವ್ಯತ್ಯಾಸ ಆಗುತ್ತೆ ಅನ್ನೋದಕ್ಕೆ ಮಂಗಳೂರೇ ಉದಾಹರಣೆ. 2009ರಲ್ಲಿ ಕೇಂದ್ರ ಮಂಡಳಿ ದೇಶದ 88 ಕೈಗಾರಿಕಾ ಪ್ರದೇಶಗಳಿಗೆ ಮಾಲಿನ್ಯ ಸೂಚ್ಯಂಕ ಕೊಟ್ಟಿತು. ಗಾಳಿ, ನೀರು, ನೆಲ ಮೂರನ್ನೂ ಸೇರಿಸಿದ ಸೂಚ್ಯಂಕ ಅದು. 70ಕ್ಕಿಂತ ಹೆಚ್ಚು ಅಂಕ ಬಂದ 43 ಪ್ರದೇಶಗಳನ್ನು "ತೀವ್ರ ಕಲುಷಿತ" ಅಂತ ಕರೆಯಿತು. ಕರ್ನಾಟಕದಿಂದ ಇದ್ದವು ಎರಡೇ, ಮಂಗಳೂರು ಮತ್ತು ಭದ್ರಾವತಿ. ಮಂಗಳೂರಿಗೆ 73.68. ಮರುವರ್ಷ ಜನವರಿಯಲ್ಲಿ ಆ ಪ್ರದೇಶಗಳ ಹೊಸ ಯೋಜನೆಗಳಿಗೆ ಪರಿಸರ ಅನುಮತಿ ಕೊಡೋದನ್ನು ಕೇಂದ್ರ ತಡೆಹಿಡಿಯಿತು. ಕ್ರಿಯಾಯೋಜನೆಗಳು ಬಂದವು, ಆಮೇಲೆ ತಡೆ ತೆರವಾಯಿತು.

ಒಂಬತ್ತು ವರ್ಷದ ನಂತರ 2018ರಲ್ಲಿ ಬಂದ ನದಿಗಳ ಪಟ್ಟಿ ನೋಡಿ. ನೇತ್ರಾವತಿ ಇದೆ. ಕೈಗಾರಿಕಾ ವಲಯದ ಮಗ್ಗುಲಲ್ಲೇ ಹರಿಯುವ, ಮೀನು ಸತ್ತು ತೇಲಿದ ಸುದ್ದಿ ಬರುತ್ತಲೇ ಇರುವ ಫಲ್ಗುಣಿಯ ಹೆಸರಿಲ್ಲ. ಯಾರೋ ಬೇಕಂತಲೇ ತೆಗೆದರು ಅಂತ ನಾನು ಹೇಳ್ತಿಲ್ಲ. ಬಿಒಡಿ ಒಂದನ್ನೇ, ಅದೂ ಇರುವ ಮಾಪನ ಕೇಂದ್ರಗಳಲ್ಲಿ ಮಾತ್ರ ನೋಡಿ ಪಟ್ಟಿ ಮಾಡಿದರೆ ಏನು ಕಾಣುತ್ತೆ, ಏನು ಕಾಣೋದಿಲ್ಲ ಅನ್ನೋದು ಮೊದಲೇ ತೀರ್ಮಾನ ಆಗಿರುತ್ತೆ. ಪಟ್ಟಿಯಲ್ಲಿದ್ದರೆ ಅದಕ್ಕೆ ಬೆಲೆ ಇದೆ. 2018ರ ಸೆಪ್ಟೆಂಬರ್‌ನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ (ಎನ್‌ಜಿಟಿ) ಈ ಪಟ್ಟಿಯನ್ನು ಸ್ವಯಂಪ್ರೇರಿತವಾಗಿ ಕೈಗೆತ್ತಿಕೊಂಡು, ಪ್ರತಿ ನದಿ ಪಾತ್ರಕ್ಕೂ ಕ್ರಿಯಾಯೋಜನೆ ಮಾಡಿ ಅಂತ ರಾಜ್ಯಗಳಿಗೆ ಹೇಳಿತು. ಪಟ್ಟಿಯಲ್ಲಿಲ್ಲದ ನದಿಗೆ ಆ ಒತ್ತಡ ಸಿಗಲಿಲ್ಲ.

ಕಡಲಿಗೆ ಬೇರೆ ನ್ಯಾಯ

1986ರ ಪರಿಸರ ಸಂರಕ್ಷಣಾ ನಿಯಮಗಳಲ್ಲಿ ತ್ಯಾಜ್ಯನೀರು ಬಿಡಲು ಸಾಮಾನ್ಯ ಮಿತಿಗಳ ಪಟ್ಟಿ ಇದೆ. ನದಿ, ಕೆರೆಗೆ ಬಿಡುವುದಾದರೆ ಬಿಒಡಿ ಲೀಟರಿಗೆ 30 ಮಿಲಿಗ್ರಾಂ ಮೀರಬಾರದು. ಅದೇ ನೀರನ್ನು ಕೊಳವೆ ಹಾಕಿ ಕಡಲಿಗೆ ಬಿಟ್ಟರೆ ಮಿತಿ 100. ಎಣ್ಣೆ ಮತ್ತು ಜಿಡ್ಡು ನದಿಗೆ 10, ಕಡಲಿಗೆ 20. ತೈಲ ಶುದ್ಧೀಕರಣದಂಥ ಕೆಲವು ಉದ್ದಿಮೆಗಳಿಗೆ ಪ್ರತ್ಯೇಕ ಮಿತಿಗಳಿವೆ, ಆದರೆ ಸಾಮಾನ್ಯ ನಿಯಮದ ಧೋರಣೆ ಇದು: ಕಡಲು ದೊಡ್ಡದು, ತಾಳಿಕೊಳ್ಳುತ್ತೆ.

ದೂರದ ಆಳಸಮುದ್ರಕ್ಕೆ ಇದು ಸ್ವಲ್ಪ ಮಟ್ಟಿಗೆ ಸರಿ ಇರಬಹುದು. ದಡದ ಹತ್ತಿರ ಬಲೆ ಬೀಸುವ ನಾಡದೋಣಿಯವರಿಗೆ, ಅಳಿವೆಯಲ್ಲಿ ಮರುವಾಯಿ ಹೆಕ್ಕುವ ಹೆಂಗಸರಿಗೆ ಕಡಲು ಅಷ್ಟು ದೊಡ್ಡದಲ್ಲ. ಅವರ ಕಡಲು ದಡದಿಂದ ಕೆಲವು ಕಿಲೋಮೀಟರ್ ಅಷ್ಟೇ. ಚಿಪ್ಪುಮೀನು ನೀರನ್ನು ಸೋಸಿ ತಿನ್ನೋ ಜೀವಿ, ನೀರಿನಲ್ಲಿ ಚೂರು ಇದ್ದದ್ದು ಅದರ ಮೈಯಲ್ಲಿ ರಾಶಿಯಾಗುತ್ತೆ.

ಇನ್ನೊಂದು ವಿಷಯ ಲೆಕ್ಕದ್ದು. ಮಿತಿ ಇರೋದು ಲೀಟರಿಗೆ ಎಷ್ಟು ಅಂತ, ದಿನಕ್ಕೆ ಒಟ್ಟು ಎಷ್ಟು ಅಂತ ಅಲ್ಲ. ಲೀಟರಿಗೆ 30 ಮಿಲಿಗ್ರಾಂನಂತೆ ದಿನಕ್ಕೆ 10 ಲಕ್ಷ ಲೀಟರ್ ಬಿಡುವವರು ನದಿಗೆ ಹಾಕುವ ಬಿಒಡಿ ಹೊರೆ 30 ಕೆಜಿ. ಒಂದು ಕೋಟಿ ಲೀಟರ್ ಬಿಡುವವರು ಹಾಕುವುದು 300 ಕೆಜಿ. ಇಬ್ಬರೂ ಪಾಸ್! 100 ಮಿಲಿಗ್ರಾಂ ಇರುವ ನೀರಿಗೆ ಮೂರು ಪಟ್ಟು ಒಳ್ಳೇ ನೀರು ಬೆರೆಸಿದರೆ 25ಕ್ಕೆ ಇಳಿಯುತ್ತೆ, ಅದೂ ಪಾಸ್. ಕೊಳೆ ಒಂದು ಗ್ರಾಂ ಕೂಡ ಕಡಿಮೆ ಆಗಿರೋದಿಲ್ಲ. ಆದ್ದರಿಂದ ಕನ್ಸೆಂಟ್ ಪತ್ರದಲ್ಲಿ ದಿನಕ್ಕೆ ಎಷ್ಟು ಲೀಟರ್ ಬಿಡಬಹುದು ಅನ್ನೋ ಸಾಲನ್ನು ತಪ್ಪದೆ ಓದಬೇಕು.

ಕಾವಲು ಕಾಯುವವರು ಯಾರು?

1974ರ ಜಲ ಕಾಯ್ದೆಯ ಕೆಳಗೆ ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ನಮ್ಮ ರಾಜ್ಯದ ಮಾಲಿನ್ಯ ನಿಯಂತ್ರಣ ಮಂಡಳಿ ಹುಟ್ಟಿತು. ಮಂಡಳಿಯ ಸಮ್ಮತಿ ಇಲ್ಲದೆ ಯಾರೂ ತ್ಯಾಜ್ಯನೀರು ಬಿಡುವ ಘಟಕ ನಡೆಸುವಂತಿಲ್ಲ. 33ಎ ಕಲಂ ಪ್ರಕಾರ ಘಟಕವನ್ನು ಮುಚ್ಚಿಸುವ, ಕರೆಂಟು, ನೀರು ಕಡಿತ ಮಾಡಿಸುವ ಅಧಿಕಾರ ಮಂಡಳಿಗಿದೆ. ರಸಗೊಬ್ಬರ, ತೈಲ ಶುದ್ಧೀಕರಣ ಸೇರಿ 17 ಬಗೆಯ ಹೆಚ್ಚು ಮಾಲಿನ್ಯದ ಉದ್ದಿಮೆಗಳು ತಮ್ಮ ತ್ಯಾಜ್ಯನೀರನ್ನು ನಿರಂತರವಾಗಿ ಅಳೆಯುವ ಆನ್‌ಲೈನ್ ಯಂತ್ರ ಹಾಕಬೇಕು ಅಂತ ಕೇಂದ್ರ ಮಂಡಳಿ 2014ರಲ್ಲೇ ನಿರ್ದೇಶನ ಕೊಟ್ಟಿದೆ. ಕರಾವಳಿಯ ಕಡಲ ನೀರಿನ ಮೇಲೆ ಕೇಂದ್ರ ಭೂವಿಜ್ಞಾನ ಇಲಾಖೆಯ ಕಣ್ಣೂ 1991ರಿಂದ ಇದೆ. ಮಂಗಳೂರಿನಲ್ಲೇ 1969ರಿಂದ ಮೀನುಗಾರಿಕಾ ಕಾಲೇಜಿದೆ, ಸುರತ್ಕಲ್‌ನಲ್ಲಿ ಎನ್‌ಐಟಿಕೆ ಇದೆ. ಅಳೆಯಲು ಬರುವವರಿಗೆ ಬರ ಇಲ್ಲ.

ಹಾಗಾದರೆ ಕಷ್ಟ ಎಲ್ಲಿ? ಕಾಯ್ದೆಯ 4ನೇ ಕಲಂ ಓದಿದರೆ ಸ್ವಲ್ಪ ತಿಳಿಯುತ್ತೆ. ಮಂಡಳಿಯ ಅಧ್ಯಕ್ಷರನ್ನು ನೇಮಿಸೋದು ರಾಜ್ಯ ಸರ್ಕಾರ. ಸದಸ್ಯರಲ್ಲಿ ಸರ್ಕಾರದ ಅಧಿಕಾರಿಗಳು, ಸ್ಥಳೀಯ ಸಂಸ್ಥೆಗಳವರು, ಸರ್ಕಾರಿ ಕಂಪನಿ ಅಥವಾ ನಿಗಮಗಳ ಪ್ರತಿನಿಧಿಗಳು ಇರ್ತಾರೆ. ಮಂಗಳೂರಿನಲ್ಲಿ ಕೊಳಚೆ ನೀರಿಗೆ ಜವಾಬ್ದಾರ ಮಹಾನಗರ ಪಾಲಿಕೆ, ಅದು ಸರ್ಕಾರದ್ದೇ ಅಂಗ. ಎಂಆರ್‌ಪಿಎಲ್ ಸಾರ್ವಜನಿಕ ವಲಯದ ಒಎನ್‌ಜಿಸಿಯ ಅಂಗಸಂಸ್ಥೆ. ಬಂದರು ಕೇಂದ್ರ ಸರ್ಕಾರದ್ದು. ಕಾಯುವವರೂ ಕಾಯಿಸಿಕೊಳ್ಳುವವರೂ ಬಹುಪಾಲು ಒಂದೇ ಮನೆಯವರು. ಸಣ್ಣ ಕಾರ್ಖಾನೆಯ ಕರೆಂಟು ತೆಗೆಸಬಹುದು, ನಗರದ ಕರೆಂಟು ತೆಗೆಸೋಕಾಗುತ್ತಾ? ಪಾಲಿಕೆಗೆ ನೋಟಿಸ್ ಮೇಲೆ ನೋಟಿಸ್ ಹೋಗುತ್ತೆ, ಅಷ್ಟೇ.

ಅದೇ ಕಲಂನಲ್ಲಿ ಇನ್ನೊಂದು ಸಾಲು ಇದೆ. ಕೃಷಿ, ಮೀನುಗಾರಿಕೆ, ಕೈಗಾರಿಕೆ ಅಥವಾ ವ್ಯಾಪಾರದ ಹಿತ ಪ್ರತಿನಿಧಿಸಲು ಮೂವರವರೆಗೆ ಅಧಿಕಾರೇತರ ಸದಸ್ಯರನ್ನು ನೇಮಿಸಬಹುದು. ಆ ಮೂರು ಕುರ್ಚಿಗಳಲ್ಲಿ ಒಂದು ಮೀನುಗಾರರಿಗೆ ಸಿಕ್ಕಿದೆಯಾ? ಚುನಾವಣೆಯ ಹೊತ್ತಲ್ಲಿ ಕರಾವಳಿಯ ಪ್ರತಿ ಅಭ್ಯರ್ಥಿಯನ್ನೂ ಕೇಳಬಹುದಾದ ಪ್ರಶ್ನೆ ಇದು.

ಶಿಕ್ಷೆಯ ಕಡೆಯೂ ಗಾಳಿ ತಿರುಗಿದೆ. 2024ರ ತಿದ್ದುಪಡಿಯಲ್ಲಿ ಜಲ ಕಾಯ್ದೆಯ ಹಲವು ಉಲ್ಲಂಘನೆಗಳಿಗೆ ಇದ್ದ ಜೈಲು ಶಿಕ್ಷೆ ತೆಗೆದು 10,000 ರೂಪಾಯಿಯಿಂದ 15 ಲಕ್ಷದವರೆಗೆ ದಂಡ ಇಟ್ಟರು. ಅಳತೆ ಯಂತ್ರವನ್ನು ತಿರುಚೋದಕ್ಕೂ ಈಗ ದಂಡವೇ. ಇದು ಮೊದಲು ಹಿಮಾಚಲ ಪ್ರದೇಶ, ರಾಜಸ್ಥಾನ ಮತ್ತು ಕೇಂದ್ರಾಡಳಿತ ಪ್ರದೇಶಗಳಿಗೆ ಅನ್ವಯಿಸಿತು, ಉಳಿದ ರಾಜ್ಯಗಳು ಶಾಸನಸಭೆಯಲ್ಲಿ ನಿರ್ಣಯ ಮಾಡಿ ಒಪ್ಪಬೇಕು. ಸಣ್ಣ ತಪ್ಪಿಗೆ ಜೈಲು ಬೇಡ ಅನ್ನೋ ವಾದದಲ್ಲಿ ಹುರುಳಿದೆ, ಜೈಲಿಗೆ ಹೋದವರೂ ಅಪರೂಪವೇ. ಆದರೆ ಸಾವಿರಾರು ಕೋಟಿ ವಹಿವಾಟಿನ ಕಂಪನಿಗೆ 15 ಲಕ್ಷ ಅನ್ನೋದು ದಂಡವಾ ಶುಲ್ಕವಾ?

ಅಂಕಿ ಅವರ ಬೀರುವಿನಲ್ಲಿದ್ದರೆ

ಜಪಾನಿನ ಮಿನಮಾಟಾ ಕೂಡ ಕಡಲೂರೇ. ಅಲ್ಲಿನ ಚಿಸ್ಸೋ ಕಂಪನಿ 1932ರಿಂದ 1968ರವರೆಗೆ ಪಾದರಸ ಬೆರೆತ ತ್ಯಾಜ್ಯನೀರನ್ನು ಕೊಲ್ಲಿಗೆ ಬಿಟ್ಟಿತು. ಮೀನು ತಿಂದ ಬೆಕ್ಕುಗಳು ಕುಣಿದು ಸತ್ತವು, ಆಮೇಲೆ ಮನುಷ್ಯರ ಕೈಕಾಲು ನಡುಗತೊಡಗಿದವು. 1956ರಲ್ಲಿ ರೋಗವನ್ನು ಅಧಿಕೃತವಾಗಿ ಗುರುತಿಸಲಾಯಿತು. 1959ರಲ್ಲೇ ಕಂಪನಿಯ ಆಸ್ಪತ್ರೆಯ ವೈದ್ಯ ಹೊಸೊಕಾವಾ ಕಾರ್ಖಾನೆಯ ತ್ಯಾಜ್ಯವನ್ನು ಬೆಕ್ಕಿಗೆ ತಿನ್ನಿಸಿ ಅದೇ ರೋಗ ಬರುವುದನ್ನು ಕಂಡಿದ್ದರು. ಕಂಪನಿ ಆ ಫಲಿತಾಂಶವನ್ನು ಹೊರಗೆ ಬಿಡಲಿಲ್ಲ. ಸರ್ಕಾರ ಕಾರಣವನ್ನು ಒಪ್ಪಿಕೊಂಡಿದ್ದು 1968ರಲ್ಲಿ. ನಡುವಿನ ಒಂಬತ್ತು ವರ್ಷ ಜನ ಅದೇ ಮೀನು ತಿಂದರು.

ನಮ್ಮಲ್ಲೂ ಪಾಠ ಇದೆ. 1980ರ ದಶಕದಲ್ಲಿ ಹರಿಹರ ಪಾಲಿಫೈಬರ್ಸ್‌ನಿಂದ ತುಂಗಭದ್ರೆಗೆ ಆಗುತ್ತಿದ್ದ ಮಾಲಿನ್ಯದ ವಿರುದ್ಧ ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ಮತ್ತು ನದಿದಂಡೆಯ ಹಳ್ಳಿಗಳವರು ಹೋರಾಡಿದರು. ಮಂಗಳೂರಿನ ಜೋಕಟ್ಟೆಯಲ್ಲಿ ಪೆಟ್‌ಕೋಕ್ ಹುಡಿಯ ವಿರುದ್ಧ ಊರಿನವರು ವರ್ಷಗಟ್ಟಲೆ ನಿಂತರು. ಎರಡೂ ಕಡೆ ಮೊದಲು ಮಾತಾಡಿದ್ದು ಪ್ರಯೋಗಾಲಯ ಅಲ್ಲ, ಅಲ್ಲಿ ಬದುಕುವ ಜನ.

ಹಾಗಂತ ಎಲ್ಲ ಕತ್ತಲೆಯೂ ಅಲ್ಲ. ಮಂಗಳೂರಿನ ಶುದ್ಧೀಕರಿಸಿದ ಕೊಳಚೆ ನೀರನ್ನು ಕೈಗಾರಿಕೆಗಳು ಬಳಸುತ್ತಿವೆ. ತಣ್ಣೀರುಬಾವಿಯಲ್ಲಿ ಎಂಆರ್‌ಪಿಎಲ್ ಕಡಲ ನೀರನ್ನು ಸಿಹಿ ಮಾಡುವ ಘಟಕ ಕಟ್ಟಿದೆ. ನದಿಯ ಸಿಹಿನೀರಿನ ಮೇಲಿನ ಒತ್ತಡ ಇದರಿಂದ ಇಳಿಯುತ್ತೆ. ಪಕ್ಕದ ಉಡುಪಿ ಜಿಲ್ಲೆಯ ಪಡುಬಿದ್ರಿ ಮತ್ತು ಉತ್ತರ ಕನ್ನಡದ ಕಾಸರಕೋಡು ಬೀಚ್‌ಗಳಿಗೆ 2020ರಲ್ಲಿ ಬ್ಲೂ ಫ್ಲ್ಯಾಗ್ ಸಿಕ್ಕಿತು. ಆ ಬಾವುಟ ಹಾರಬೇಕಾದರೆ ಸ್ನಾನದ ನೀರಿನ ಪರೀಕ್ಷೆಯ ಫಲಿತಾಂಶವನ್ನು ಬೀಚಿನಲ್ಲೇ ಬೋರ್ಡಿನ ಮೇಲೆ ಹಾಕಬೇಕು. ಪ್ರವಾಸಿಗೆ ಸಿಗುವ ಆ ಬೋರ್ಡು ತೋಕೂರು ಹಳ್ಳದ ದಂಡೆಯವರಿಗೆ ಯಾಕೆ ಸಿಗಬಾರದು?

ಯಾರಿಗೆ ಹೇಳುದು ಮಾರಾಯ್ತಿ?

ಈಗ ಗೆಳತಿಯ ಪ್ರಶ್ನೆಗೆ ಬರ್ತೀನಿ. ಕಾನೂನು ನಮಗೆ ಕೊಟ್ಟಿರುವ, ನಾವು ಬಳಸದೇ ಇರುವ ದಾರಿಗಳು ಇವು.

ಒಂದು, ದಾಖಲೆ. ಬಣ್ಣ ಬದಲಾದ ದಿನ, ಗಂಟೆ, ಜಾಗ, ಉಬ್ಬರವೋ ಇಳಿತವೋ, ಮಳೆ ಇತ್ತೋ ಇಲ್ಲವೋ ಬರೆದಿಡಿ. ಲೊಕೇಶನ್ ಇರುವ ಫೋಟೋ ತೆಗೆಯಿರಿ. ಒಂದು ಫೋಟೋ ವೈರಲ್ ಆಗಿ ಮರೆತುಹೋಗುತ್ತೆ. ಆರು ತಿಂಗಳ ನೋಟ್‌ಬುಕ್ಕನ್ನು ತಳ್ಳಿಹಾಕೋದು ಕಷ್ಟ.

ಎರಡು, ನೀವೇ ನೀರು ತುಂಬಿ ಲ್ಯಾಬಿಗೆ ಕೊಡಬಹುದು, ತಿಳಿದುಕೊಳ್ಳಲು ಅದು ಒಳ್ಳೇದು. ಆದರೆ ಕಾರ್ಖಾನೆಯ ತ್ಯಾಜ್ಯನೀರಿನ ಮಾದರಿ ಜಲ ಕಾಯ್ದೆಯಡಿ ಸಾಕ್ಷಿಯಾಗಬೇಕಾದರೆ 21ನೇ ಕಲಂ ಹೇಳುವ ಕ್ರಮದಲ್ಲೇ ಆಗಬೇಕು: ಮಂಡಳಿಯವರು ಘಟಕದವರಿಗೆ ತಿಳಿಸಿ, ಮಾದರಿಯನ್ನು ಭಾಗ ಮಾಡಿ, ಸೀಲ್ ಹಾಕಿ, ಸಹಿ ಮಾಡಿ ಪ್ರಯೋಗಾಲಯಕ್ಕೆ ಕಳಿಸಬೇಕು. ಆದ್ದರಿಂದ ನಿಮ್ಮ ಬಾಟಲಿಯ ಕೆಲಸ ಮಂಡಳಿಯವರನ್ನು ಅದೇ ಜಾಗಕ್ಕೆ, ಅದೇ ಹೊತ್ತಿಗೆ ಕರೆಸೋದು.

ಮೂರು, ಕನ್ಸೆಂಟ್ ಪುಸ್ತಕ. 25ನೇ ಕಲಂನ 6ನೇ ಉಪಕಲಂ ಪ್ರಕಾರ ಮಂಡಳಿ ತಾನು ವಿಧಿಸಿದ ಷರತ್ತುಗಳ ರಿಜಿಸ್ಟರ್ ಇಡಬೇಕು, ಆಸಕ್ತಿ ಇರುವ ಅಥವಾ ಬಾಧಿತರಾದ ಯಾರು ಬೇಕಾದರೂ ಅದನ್ನು ನೋಡಬಹುದು. ಆರ್‌ಟಿಐ ಹಾಕುವ ಮೊದಲು ಬೈಕಂಪಾಡಿಯ ಪ್ರಾದೇಶಿಕ ಕಚೇರಿಗೆ ಹೋಗಿ ಇದನ್ನು ಕೇಳಿ. ಆರ್‌ಟಿಐ ಹಾಕುವುದಾದರೆ "ನದಿ ಕಲುಷಿತವಾಗಿದೆಯೇ" ಅಂತ ಕೇಳಬೇಡಿ. ಇಂಥ ಮಾಪನ ಕೇಂದ್ರದಲ್ಲಿ ಕಳೆದ 24 ತಿಂಗಳು ಮಾದರಿ ತೆಗೆದ ದಿನ, ಗಂಟೆ, ಫಲಿತಾಂಶ ಕೊಡಿ, ಮಿತಿ ಮೀರಿದಾಗ ಕಳಿಸಿದ ನೋಟಿಸಿನ ಪ್ರತಿ ಕೊಡಿ ಅಂತ ಕೇಳಿ.

ನಾಲ್ಕು, ಆನ್‌ಲೈನ್ ಅಂಕಿ. ಪರ್ಯಾವರಣ್ ಸುರಕ್ಷಾ ಸಮಿತಿ ಪ್ರಕರಣದಲ್ಲಿ 2017ರ ಫೆಬ್ರುವರಿ 22ರಂದು ಸುಪ್ರೀಂ ಕೋರ್ಟ್ ಎರಡು ಮುಖ್ಯ ಮಾತು ಹೇಳಿತು. ಕೆಲಸ ಮಾಡುವ ಶುದ್ಧೀಕರಣ ಘಟಕ ಇಲ್ಲದ ಕೈಗಾರಿಕೆ ಮೂರು ತಿಂಗಳ ನೋಟಿಸಿನ ನಂತರ ನಡೆಯುವಂತಿಲ್ಲ. ನಿರಂತರ ಮಾಪನದ ಅಂಕಿಗಳನ್ನು ರಾಜ್ಯ ಮಂಡಳಿಗಳು ಸಾರ್ವಜನಿಕರಿಗೆ ಕಾಣುವಂತೆ ತಮ್ಮ ಜಾಲತಾಣದಲ್ಲಿ ಹಾಕಬೇಕು. ದೂರಿನಲ್ಲಿ ಈ ತೀರ್ಪಿನ ಹೆಸರು ಇರಲಿ.

ಐದು, 60 ದಿನದ ನೋಟಿಸ್. 49ನೇ ಕಲಂ ಪ್ರಕಾರ ಮಂಡಳಿಗೆ 60 ದಿನ ಮೊದಲು ನೋಟಿಸ್ ಕೊಟ್ಟ ಯಾವುದೇ ವ್ಯಕ್ತಿ ನೇರವಾಗಿ ನ್ಯಾಯಾಲಯಕ್ಕೆ ದೂರು ಕೊಡಬಹುದು. ಹಾಗೆ ದೂರು ಕೊಟ್ಟವರು ಕೇಳಿದರೆ ಮಂಡಳಿ ತನ್ನ ಬಳಿಯ ವರದಿಗಳನ್ನು ಕೊಡಬೇಕು, ಸಾರ್ವಜನಿಕ ಹಿತಕ್ಕೆ ವಿರುದ್ಧ ಅನ್ನಿಸಿದರೆ ಮಾತ್ರ ನಿರಾಕರಿಸಬಹುದು.

ಆರು, ಎನ್‌ಜಿಟಿಯ ಚೆನ್ನೈ ಪೀಠ. ವಿವಾದದ ಕಾರಣ ಹುಟ್ಟಿದ ಆರು ತಿಂಗಳೊಳಗೆ ಅರ್ಜಿ ಹಾಕಬೇಕು, ಪರಿಹಾರ ಕೇಳುವುದಾದರೆ ಐದು ವರ್ಷ ಸಮಯ ಇದೆ. ಪರಿಹಾರ ಕೇಳದ ಅರ್ಜಿಗೆ ಶುಲ್ಕ 1,000 ರೂಪಾಯಿ. ಆರು ತಿಂಗಳ ಗಡುವು ಇರೋದರಿಂದಲೇ ಮೊದಲನೇ ದಾರಿಯ ನೋಟ್‌ಬುಕ್, ತಾರೀಖುಗಳು ಅಷ್ಟು ಮುಖ್ಯ.

ಇವೆಲ್ಲದಕ್ಕೂ ಬೆನ್ನೆಲುಬಾಗಿ 1991ರ ಸುಭಾಷ್ ಕುಮಾರ್ ಪ್ರಕರಣದ ತೀರ್ಪಿದೆ. ಮಾಲಿನ್ಯವಿಲ್ಲದ ನೀರು, ಗಾಳಿ ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನೊಳಗೇ ಬರುತ್ತೆ ಅಂತ ಸುಪ್ರೀಂ ಕೋರ್ಟ್ ಅಲ್ಲಿ ಹೇಳಿದೆ.

ಬೇಡಿಕೆ ಇಡುವುದಾದರೆ ಹೀಗೆ ಇಡಬಹುದು ಅಂತ ನನಗನ್ನಿಸುತ್ತೆ. ಫಲ್ಗುಣಿಗೆ ತೋಕೂರು ಹಳ್ಳ, ಕುಡುಂಬೂರು ಹೊಳೆ ಸೇರುವ ಜಾಗಗಳಲ್ಲೇ ಖಾಯಂ ಮಾಪನ ಕೇಂದ್ರ ಬೇಕು. ಬೇಸಿಗೆಯಲ್ಲಿ ಇಳಿತದ ಹೊತ್ತಿಗೆ, ರಾತ್ರಿಯೂ ಮಾದರಿ ತೆಗೆಯಬೇಕು. ಬಿಒಡಿ ಜೊತೆ ಎಣ್ಣೆ, ಭಾರಲೋಹ, ಮೀನು ಮತ್ತು ಚಿಪ್ಪುಮೀನಿನ ಪರೀಕ್ಷೆಯೂ ನಡೆಯಬೇಕು. ಕನ್ಸೆಂಟಿನಲ್ಲಿ ದಿನದ ಒಟ್ಟು ಹೊರೆಗೆ ಮಿತಿ ಇರಬೇಕು. ಫಲಿತಾಂಶ ಕನ್ನಡದಲ್ಲಿ, ತುಳು, ಬ್ಯಾರಿ ಮಾತಾಡುವ ಆ ಊರಿನ ಪಂಚಾಯತಿ ಕಟ್ಟೆಯಲ್ಲಿ, ಬೋರ್ಡಿನ ಮೇಲೆ ಬರಬೇಕು.

ಗೆಳತಿಗೆ ಇದನ್ನೆಲ್ಲ ಹೇಳಿದೆ. "ಇಷ್ಟೆಲ್ಲ ಉಂಟಾ?" ಅಂದಳು. ಮರುದಿನವೇ ಒಂದು ನೋಟ್‌ಬುಕ್ ತಗೊಂಡಳು. ಆಮೇಲೆ ನನಗೇ ನಾಚಿಕೆಯಾಯಿತು. ಹೊಳೆನರಸೀಪುರದ ಸೇತುವೆ ಮೇಲೆ ಎಷ್ಟು ಸಲ ಓಡಾಡಿದ್ದೀನಿ, ಹೇಮಾವತಿಯ ನೀರನ್ನು ಎಲ್ಲಿ, ಯಾವಾಗ ಅಳೀತಾರೆ ಅಂತ ನಾನು ಒಂದು ದಿನವೂ ಕೇಳಿರಲಿಲ್ಲ. ಯಗಚಿ ಪಟ್ಟಿಯಲ್ಲಿರೋದು ಗೊತ್ತಾದ ಮೇಲೂ ಕೇಳದೆ ಇರೋದಕ್ಕೆ ನನ್ನ ಹತ್ತಿರ ನೆಪ ಇಲ್ಲ. ಮೊದಲ ಆರ್‌ಟಿಐ ಅರ್ಜಿ ಬರೆದಿಟ್ಟಿದ್ದೀನಿ, ಸೋಮವಾರ ಹಾಸನಕ್ಕೆ ಹೋಗಿ ಕೊಟ್ಟು ಬರಬೇಕು.